ಹದಿನಾಲ್ಕನೇ ಬ್ಲಾಕಿನ ಎರಡು ಕೈ

"ಇದು ಅವರದ್ದು, ಇದು ನನ್ನದು" ಎಂದು ಯೋಗೇಶ್ವರಿ ಅಕ್ಕಪಕ್ಕದ ಎರಡು ರಬ್ಬರ್ ಮರಗಳನ್ನು ಮುಟ್ಟಿ ತೋರಿಸಿದಳು. ಮುಷ್ಕರ ಶುರುವಾಗಿ ಹನ್ನೊಂದು ದಿನವಾಗಿತ್ತು. ಹಾಲಿಗಾಗಿ ತೊಗಟೆ ಗೀರುವ ಟ್ಯಾಪಿಂಗ್ ಕೆಲಸ ನಿಂತು, ಹಳೆಯ ಗೀರುಗಳ ಮೇಲೆ ಹಾಲು ಒಣಗಿ ಕಂದು ದಾರದಂತೆ ಅಂಟಿಕೊಂಡಿತ್ತು. ಅದನ್ನು ಅವಳು ಉಗುರಿನಿಂದ ಎಳೆದು ತೆಗೆದಳು. ಗಂಡ ಶಿವನೇಸನ್‌ನ ಮರದಲ್ಲಿ ಗೀರು ಆಳಕ್ಕಿಳಿದು, ಗಾಯವಾದಲ್ಲೆಲ್ಲ ಗಂಟು ಕಟ್ಟಿತ್ತು. ಅವಳ ಮರದಲ್ಲಿ ಹೋಗಿದ್ದು ಬರೀ ತೊಗಟೆ, ಅದೂ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ.

ಎಸ್ಟೇಟಿನ ಫೀಲ್ಡ್ ಆಫೀಸರ್ ರೂಪೇಶ್ ಬಗ್ಗಿ, ಗೀರಿನುದ್ದಕ್ಕೂ ಹೆಬ್ಬೆರಳು ಆಡಿಸಿದ. "ಒಳ್ಳೆ ಕೈ ಅಕ್ಕಾ. ಐವರ್ನಾಡಿನ ನಮ್ಮ ತೋಟಕ್ಕೆ ಇಂಥವರು ಸಿಕ್ಕುದೇ ಇಲ್ಲ ಮಾರಾಯ್ರೆ. ನನ್ನ ಅಪ್ಪ ಟ್ಯಾಪ್ ಮಾಡಿದ ಮರ ನೋಡ್ಬೇಕು ನೀವು, ಹಂದಿ ಮೈ ತಿಕ್ಕಿದ ಹಾಗೆ ಉಂಟು." ಯೋಗೇಶ್ವರಿ ನಕ್ಕಳು. ಅವಳ ಹಿಂದೆ ನಿಂತಿದ್ದ ಶಿವನೇಸನ್ ನಗಲಿಲ್ಲ.

ಸಂಬಳದ ಬೇಡಿಕೆಯ ಕೆಳಗೆ ಹೆಂಗಸರು ಹಟ ಹಿಡಿದು ಒಂದು ಸಾಲು ಸೇರಿಸಿದ್ದರು: ಗಂಡನ ಬ್ಲಾಕಿನಲ್ಲಿ ಅರ್ಧದಷ್ಟು ಮರ ಗೀರುವ ನಮ್ಮ ಹೆಸರೂ ಹಾಜರಿ ಪುಸ್ತಕಕ್ಕೆ ಬರಬೇಕು. ನಿನ್ನೆ ಪುತ್ತೂರಿನಲ್ಲಿ ನಡೆದ ಮಾತುಕತೆಯಲ್ಲಿ ಎಸ್ಟೇಟಿನವರು, ನಮ್ಮಲ್ಲಿ ಹೆಂಗಸರು ಕತ್ತಿ ಹಿಡಿಯುವುದೇ ಇಲ್ಲ, ಇದ್ದರೆ ಸಾಕ್ಷಿ ತೋರಿಸಿ ಎಂದಿದ್ದರು. ಸಾಕ್ಷಿ ಮರದಲ್ಲೇ ಇದೆ, ಬಂದು ನೋಡಲಿ ಎಂದು ಹೇಳಿ ಕಳುಹಿಸಿದವಳು ಯೋಗೇಶ್ವರಿ. ಇಪ್ಪತ್ತಮೂರು ಹೆಂಗಸರು ಕೆಳಗೆ ಹಾಲು ತೂಗುವ ಶೆಡ್ಡಿನ ಬಳಿ ಅವಳಿಗಾಗಿ ಕಾಯುತ್ತಿದ್ದರು.

"ಎಷ್ಟು ವರ್ಷ ಆಯ್ತು?"

"ಮದುವೆಯಾದಂದಿನಿಂದ. ಹದಿನಾರು. ದಿನಕ್ಕೆ ನೂರೈವತ್ತು ಮರ. ಮಗಳು ಹೊಟ್ಟೆಯಲ್ಲಿದ್ದಾಗ ಮಾತ್ರ ನೂರು."

ರೂಪೇಶ್ ಬರೆದುಕೊಂಡ. ಪೆನ್ನು ತನ್ನ ಮಾತಿನ ಬೆನ್ನಿಗೆ ಓಡುವುದನ್ನು ನೋಡುತ್ತಿದ್ದ ಯೋಗೇಶ್ವರಿಗೆ, ಹಡಗು ಹತ್ತಿ ಸಿಲೋನಿನಿಂದ ಬಂದ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಬಂದರಿನಲ್ಲಿ ಗುಮಾಸ್ತ ಗಂಡಸರ ಹೆಸರು ಕೂಗುತ್ತಿದ್ದನಂತೆ, ಹೆಂಗಸರನ್ನು ಬರೀ ಎಣಿಸುತ್ತಿದ್ದನಂತೆ. ಎಣಿಕೆ ತಪ್ಪಿ ಉಳಿದುಹೋದವಳೊಬ್ಬಳು ಬಿಳಿ ಹಕ್ಕಿಯಾಗಿ ಮೂರು ದಿನ ಹಡಗಿನ ಹಿಂದೆಯೇ ಹಾರಿ ಬಂದಳಂತೆ.

ಪೆನ್ನು ನಿಂತಿತು. "ಅಕ್ಕಾ, ಇದನ್ನು ಹೀಗೇ ಕೊಟ್ರೆ ಎಂತಾಗ್ತದೆ ಗೊತ್ತುಂಟಾ? ಪುಸ್ತಕದಲ್ಲಿ ಹೆಸರಿಲ್ಲದವರ ಕೈಗೆ ಕತ್ತಿ ಕೊಟ್ಟ ಟ್ಯಾಪರನ್ನು ಕೆಲಸದಿಂದ ತೆಗೀಬೇಕು ಅಂತ ರೂಲ್ಸ್ ಉಂಟು. ಹದಿನಾರು ವರ್ಷ ಅಂತ ನೀವೇ ಹೇಳಿದ್ರಿ. ಕೆಲಸ ಹೋದ್ರೆ ಎಸ್ಟೇಟ್ ಕೊಟ್ಟ ಲೈನ್ ಮನೆಯೂ ಬಿಡ್ಬೇಕು."

"ಹಾಗಾದ್ರೆ ನಮ್ಮ ಹೆಸರು ಬರುದು ಯಾವಾಗ ಸಾರ್?"

"ಟ್ಯಾಪರ್ ತೀರಿಹೋದ್ರೆ ಆ ಕೆಲಸ ಹೆಂಡತಿಗೆ. ಅದೊಂದು ಉಂಟು."

ಯೋಗೇಶ್ವರಿ ಗಂಡನ ಕಡೆ ನೋಡಲಿಲ್ಲ. ಸಿಲೋನಿನ ವವುನಿಯಾದಲ್ಲೇ ಉಳಿದ ಚಿಕ್ಕಮ್ಮನ ಮಗಳು ಒಮ್ಮೆ ಫೋನಿನಲ್ಲಿ ಹೇಳಿದ್ದಳು: ಯುದ್ಧ ಮುಗಿದ ಮೇಲೆ ನಮ್ಮ ಬೀದಿಯ ರೇಷನ್ ಕಾರ್ಡುಗಳೆಲ್ಲ ಹೆಂಗಸರ ಹೆಸರಿನಲ್ಲೇ ಇವೆ ಅಕ್ಕಾ, ಹೆಸರು ಬರೆಸುವುದಕ್ಕೆ ಗಂಡಸರು ಉಳಿಯಲಿಲ್ಲ.

"ಎಲ್ಲ ನಾನೇ ಮಾಡಿದ್ದು ಸಾರ್" ಎಂದ ಶಿವನೇಸನ್. ಅವನು ಬಾಯಿ ತೆರೆದದ್ದು ಅದೇ ಮೊದಲು. "ಇವಳು ಗಂಜಿ ತರ್ತಾಳೆ, ಅಷ್ಟೆ."

"ಒಬ್ಬ ಮನುಷ್ಯನಿಗೆ ಎರಡು ರೀತಿಯ ಕೈ ಉಂಟಾ ಅಣ್ಣ?"

"ನಿದ್ದೆಗಣ್ಣಲ್ಲಿ ಮಾಡಿದ್ದು ಆಳ ಹೋಗ್ತದೆ."

ರೂಪೇಶ್ ಅವಳ ಕಡೆ ತಿರುಗಿದ. "ನೀವೆಂತ ಹೇಳ್ತೀರಿ ಅಕ್ಕ? ನೀವು ಹೇಳಿದ್ದನ್ನೇ ನಾನು ಬರೆಯುದು."

ಕೆಳಗಿನ ಶೆಡ್ಡಿನಿಂದ ಯಾರೋ ಜೋರಾಗಿ ನಕ್ಕದ್ದು ಕೇಳಿಸಿತು. ಕಾದು ಬೇಸರವಾಗಿ ಏನೋ ಹಾಸ್ಯ ಮಾಡಿಕೊಂಡಿರಬೇಕು. ಯೋಗೇಶ್ವರಿ ಕೈಯಲ್ಲಿದ್ದ ಒಣ ಹಾಲಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಗಂಜಿ" ಎಂದಳು. "ಗಂಜಿ ತರುದು."

ರೂಪೇಶ್ ಬರೆದ ಹಾಳೆಯನ್ನು ಹರಿದು ಕಿಸೆಗೆ ಹಾಕಿಕೊಂಡ. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ: "ಮುಂದಿನ ತಿಂಗಳು ಮೇಲಿನವರು ಬ್ಲಾಕ್ ನೋಡ್ಲಿಕ್ಕೆ ಬರ್ತಾರೆ. ಅಷ್ಟರಲ್ಲಿ ಮರ ಎಲ್ಲ ಒಂದೇ ರೀತಿ ಕಾಣಲಿ."

ಮೂರನೇ ದಿನ ಒಪ್ಪಂದವಾಯಿತು. ಸಂಬಳ ಏರಿತು. ಹೆಂಗಸರು ಸೇರಿಸಿದ ಸಾಲಿನ ಮೇಲೆ, ಸಾಕ್ಷಿ ಇಲ್ಲವೆಂದು, ಗೆರೆ ಎಳೆದರು. ಶೆಡ್ಡಿನ ಬಳಿ ಅವಳನ್ನು ಯಾರೂ ಬೈಯಲಿಲ್ಲ. ಮಾತಾಡಿಸಲೂ ಇಲ್ಲ.

ಮಾರನೆಯ ಬೆಳಗಿನ ಜಾವ ಇಬ್ಬರೂ ಹಣೆಗೆ ದೀಪ ಕಟ್ಟಿಕೊಂಡು ಎಂದಿನಂತೆ ಹದಿನಾಲ್ಕನೇ ಬ್ಲಾಕಿಗೆ ಹೋದರು. ತನ್ನ ಮೊದಲ ಮರದ ತೆಳು ಗೀರಿನ ಮೇಲೆ ಯೋಗೇಶ್ವರಿ ಒಮ್ಮೆ ಹೆಬ್ಬೆರಳು ಆಡಿಸಿದಳು. ಆಮೇಲೆ ಕತ್ತಿಯನ್ನು ಒತ್ತಿ ಎಳೆದಳು, ಒಳಗಿನ ಮರಕ್ಕೆ ತಾಗುವವರೆಗೆ. ಹಾಲು ಗೀರಿನ ದಾರಿ ಬಿಟ್ಟು ತೊಗಟೆಯ ಮೇಲೆಲ್ಲ ಇಳಿಯಿತು. ಪಕ್ಕದ ಸಾಲಿನಿಂದ ಶಿವನೇಸನ್ ಬಂದು, ತನ್ನ ಹಣೆಯ ಬೆಳಕನ್ನು ಆ ಗಾಯದ ಮೇಲೆ ಹಿಡಿದು ನೋಡಿದ.

"ಈಗ ಯಾರ ಕೈ ಅಂತ ಗೊತ್ತಾಗುದಿಲ್ಲ" ಎಂದ.