ಲೇತಿಗೆ ಸಿಕ್ಕ ಸೆರಗು

ಸೆರಗು ಮರ ಕಡೆಯುವ ಲೇತಿಗೆ ಸಿಕ್ಕಿ ಸರಸಮ್ಮನನ್ನು ಯಂತ್ರದತ್ತ ಎಳೆಯಿತು. ಅವಳು ಎರಡೂ ಕೈಯಿಂದ ಸೆರಗನ್ನು ಹಿಂದಕ್ಕೆ ಜಗ್ಗಿದಳು. ಆಚೆ ಬದಿಯಲ್ಲಿ ಬೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದ ಪ್ರತಿಮಾ ಓಡಿಬಂದು ಕರೆಂಟು ಆರಿಸಿದಳು. ತಿರುಗುತ್ತಿದ್ದ ಮರದ ತುಂಡು ನಿಂತಾಗ ಅದು ಸರಸಮ್ಮನ ಕೊರಳಿಗೆ ಗೇಣು ದೂರದಲ್ಲಿತ್ತು.

ಗಾರ್ಮೆಂಟ್ಸ್ ಮುಚ್ಚಿದ ಮೇಲೆ ಕೆಲಸವಿಲ್ಲದೆ ಕೂತಿದ್ದ ಸರಸಮ್ಮನಿಗೆ ಚನ್ನಪಟ್ಟಣದ ಸರ್ಕಾರಿ ತರಬೇತಿಯಲ್ಲಿ ಬೊಂಬೆ ಕಡೆಯುವುದನ್ನು ಕಲಿಸಿ ಇಲ್ಲಿಗೆ ಕಳಿಸಿದ್ದರು. ಪ್ರತಿಮಾಳ ಈ ಪುಟ್ಟ ಘಟಕವೂ ಸರ್ಕಾರದ ಸಹಾಯಧನದಲ್ಲೇ ಶುರುವಾದದ್ದು. ಇಂದು ಸರಸಮ್ಮನ ಮೊದಲ ದಿನ. ಪ್ರತಿಮಾ ಸೆರಗನ್ನು ಕತ್ತರಿಸಿ ಬಿಡಿಸುತ್ತಿದ್ದಂತೆ ಸರಸಮ್ಮನಲ್ಲಿ ಇನ್ನೊಂದು ಭಯ ಎದ್ದಿತು.

“ಪಿನ್ ಹಾಕೋದು ಮರ್ತ್‌ಬುಟ್ಟೆ ಕಣವ್ವ. ಮನೇಗೆ ಮಾತ್ರ ಕಳಿಸ್‌ಬ್ಯಾಡ. ನಮ್ಮನೇಲಿ ದುಡಿಯೋರು ಇನ್ಯಾರೂ ಇಲ್ಲ.”

ಪ್ರತಿಮಾ ತನ್ನ ಚೂಡಿದಾರದ ಮೇಲೆ ತೊಟ್ಟಿದ್ದ ಗಂಡಸರ ಅಂಗಿಯನ್ನು ಬಿಚ್ಚಿ ಸರಸಮ್ಮನಿಗೆ ತೊಡಿಸಿದಳು. ಹರಿದ ಸೆರಗನ್ನು ಒಳಕ್ಕೆ ಸೇರಿಸಿ ಕುತ್ತಿಗೆಯವರೆಗೂ ಗುಂಡಿ ಹಾಕಿದಳು.

“ನಂಗೂ ಜೀವ ಹೋದಂಗಾಯ್ತು ಸರಸಕ್ಕ. ಆದ್ರೆ ಈಗ ನೀನು ಮನೇಗೆ ಹೋದ್ರೆ ಇನ್ಯಾವತ್ತೂ ಲೇತ್ ಮುಟ್ಟಕಿಲ್ಲ. ಉಳಿ ತಗೋ. ನಾನು ಪಕ್ಕದಲ್ಲೇ ನಿಂತಿರ್ತೀನಿ.”

ಯಂತ್ರ ಮತ್ತೆ ಗಿರ್ರೆಂದಿತು. ಸರಸಮ್ಮ ಹೆದರುತ್ತಲೇ ಉಳಿಯನ್ನು ಮರಕ್ಕೆ ತಾಗಿಸಿದಳು. ಮರದ ಬಿಳಿ ಹೊಟ್ಟು ಅವಳ ಮೊಣಕೈವರೆಗೂ ಹಾರತೊಡಗಿತು.