ಸಾರ್‌ಗೆ ಇಷ್ಟವಾದ ಹಾಡು

ನಾಲ್ಕು ದಿನಗಳಿಂದ ಬೋಜ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಉರು ಹೊಡೆಯುತ್ತಿದ್ದ. ಅರ್ಥ ಇಷ್ಟೇ: "ಸಾರ್, ಒಂದು ಸಿಡಿ ನಾನು ಇಟ್ಟುಕೊಳ್ಳಲೇ?" ಈಗ ಒಕಾಬೆ ಸಾರ್ ಕಾರಿನ ಹಿಂದಿನ ಸೀಟಿನಲ್ಲಿ ಕೊನೆಯ ಸಲ ಕೂತಿದ್ದರು. ಕೆಲಸ ಮುಗಿಸಿ ಜಪಾನಿಗೆ ಹೊರಟವರು. ವಿಮಾನ ನಿಲ್ದಾಣಕ್ಕೆ ಹತ್ತು ನಿಮಿಷವೂ ಇರಲಿಲ್ಲ, ವಾಕ್ಯ ಮಾತ್ರ ಇನ್ನೂ ಬಾಯಿಗೆ ಬಂದಿರಲಿಲ್ಲ. ಸಾಲದ್ದಕ್ಕೆ, ನಾಳೆಯಿಂದ ಅವರ ಮ್ಯಾನೇಜರ್ ಜಾಗಕ್ಕೆ ಬರುವ ಬಾಗಲಕೋಟೆಯ ಶಿವಕುಮಾರ ಅವರ ಪಕ್ಕದಲ್ಲೇ ಕೂತಿದ್ದ.

ಸಿಡಿಗಳು ಐದು. ಐದೂ ಒಬ್ಬಳೇ ಜಪಾನಿ ಗಾಯಕಿಯವು. 'ಸೋಲ್' ಎಂಬ ಜಾತಿಯ ಹಾಡಂತೆ. ಗಿಟಾರು, ತುತ್ತೂರಿ, ನಡುವೆ ಅವಳ ದಪ್ಪ ದನಿ. ಹೆಸರು ಓದಲು ಬಾರದ್ದರಿಂದ ಬೋಜ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಹದಿನೆಂಟು ವರ್ಷಗಳ ಹಿಂದೆ, ಈ ಕೊಲ್ಲಿ ದೇಶಕ್ಕೆ ಬಂದು ಡ್ರೈವರ್ ಕೆಲಸ ಹಿಡಿದ ಮೊದಲ ದಿನ, ಕಾರಿನ ಪ್ಲೇಯರಿನಲ್ಲಿ ಕೆಂಪು ಟೋಪಿಯ ಚಿತ್ರದ ಸಿಡಿ ಇತ್ತು. ಸಾರ್‌ದು ಅಂದುಕೊಂಡು ಹಾಕಿದ. ಸಾರ್ ಏನೂ ಅನ್ನಲಿಲ್ಲ. ಅಂದಿನಿಂದ ಅಬು ಹಮೂರಿನ ವಿಲ್ಲಾದಿಂದ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನವರೆಗೆ ದಿನಾ ಅಕ್ಕನದೇ ಹಾಡು. ಮೊದಲ ಆರು ತಿಂಗಳು ಬೋಜನಿಗೆ ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ಯಾವಾಗಲೋ ಗೊತ್ತಿಲ್ಲ, ನಾಲ್ಕನೆಯ ಹಾಡು ಮುಗಿದರೂ ದಾರಿಯಲ್ಲಿನ ಉಮ್ಮ್ ಸಲಾಲ್ ಊರು ಬಾರದಿದ್ದರೆ ಇವತ್ತು ತಡವಾಯಿತು ಎಂದು ಗಡಿಯಾರ ನೋಡದೆ ಹೇಳುವಷ್ಟಾಯಿತು.

ರಜೆಗೆ ಊರಿಗೆ ಹೋದ ಸಾರ್, ಅಕ್ಕನ ಹೊಸ ಸಿಡಿ ಬಂದಿದ್ದರೆ ತಪ್ಪದೆ ತರುತ್ತಿದ್ದರು. ಛತ್ರಿಯ ಚಿತ್ರದ ಸಿಡಿ ಬಂದ ವರ್ಷ ಬೋಜನ ಮದುವೆ. ಬೆಕ್ಕಿನದು ಬಂದ ವರ್ಷ ಮಗಳು ಮೋಕ್ಷಾ ಹುಟ್ಟಿದಳು. ಅವಳ ಫೋಟೋ ಫೋನಿಗೆ ಬಂದ ದಿನ ಅವನು ಒಂದೇ ಹಾಡನ್ನು ಮೂರು ಸಲ ಹಾಕಿದ, ಸಾರ್ ಬೇಡ ಅನ್ನಲಿಲ್ಲ. ಆಮೇಲೆ ಅಕ್ಕ ಏಳು ವರ್ಷ ಹಾಡಲೇ ಇಲ್ಲ. ಆ ಏಳು ವರ್ಷಗಳ ನಡುವೆ ಬೋಜನ ಅಮ್ಮ ತೀರಿಕೊಂಡರು, ಅವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮತ್ತೆ ಸಿಡಿ ಬಂದಾಗ ಅಕ್ಕನ ದನಿ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಅವಳಿಗೂ ಏನೋ ಆಗಿರಬೇಕು ಅನ್ನಿಸಿ ಬೋಜ ಸಿಗ್ನಲ್ಲಿನಲ್ಲಿ ಕಣ್ಣು ಒರೆಸಿಕೊಂಡಿದ್ದ. ಕಂಪನಿಯ ಹೊಸ ಕಾರಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲದಾಗ, ಸಾರ್‌ಗೆ ಬೇಸರವಾದೀತೆಂದು ನಜ್ಮಾ ಬಡಾವಣೆಯ ಸಫ್ವಾನನ ಅಂಗಡಿಯಲ್ಲಿ ಹಳೆಯ ಪ್ಲೇಯರ್ ಹುಡುಕಿ, ತಂತಿ ಎಳೆಸಿ ಕೂರಿಸಿದ್ದ.

"ಕೇಳಿದ್ರೆ ಅವ್ರೇನು ನಿಮ್ಮನ್ನು ತಿಂತಾರಾ? ಬಾಯಿ ಬಿಟ್ಟು ಕೇಳಿ ಮಾರಾಯ್ರೆ," ಎಂದು ಹೆಂಡತಿ ಚೆನ್ನು ಬೆಳಿಗ್ಗೆ ಊರಿನಿಂದ ಫೋನಿನಲ್ಲಿ ಗದರಿದ್ದಳು. ಅವಳಿಗೇನು ಗೊತ್ತು, ಸಾಹೇಬರ ವಸ್ತುವನ್ನು ಡ್ರೈವರ್ ಕೇಳುವುದೆಂದರೆ!

ನಿಲ್ದಾಣ ಬಂತು. ಶಿವಕುಮಾರ ಫೋನ್ ಬಂತೆಂದು ಅತ್ತ ಸರಿದ. ಬೋಜ ಪೆಟ್ಟಿಗೆಗಳನ್ನು ಟ್ರಾಲಿಗೆ ಇಳಿಸಿ, ಸಿಡಿಗಳ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ವಾಕ್ಯ ಅರ್ಧ ಬಂತು.

"ಸಾರ್, ಒಂದು ಸಿಡಿ..."

"ನನಗೆ ಕೊಡಲಿಕ್ಕಾ? ಬೇಡ ಬೋಜ-ಸಾನ್. ನಿನ್ನವು, ನಿನ್ನ ಹತ್ತಿರವೇ ಇರಲಿ," ಎಂದರು ಒಕಾಬೆ ತಮ್ಮ ತುಂಡು ಇಂಗ್ಲಿಷಿನಲ್ಲಿ, ಎಂದಿನಂತೆ ಹೆಸರಿಗೆ ಜಪಾನಿ ಮರ್ಯಾದೆಯ 'ಸಾನ್' ಸೇರಿಸಿ.

"ನನ್ನವಾ? ಎಲ್ಲ ನಿಮ್ಮವು ಸಾರ್. ನೀವೇ ತಂದದ್ದು."

"ನಿನಗೆಂದು ತಂದದ್ದು. ಮೊದಲನೆಯದು ನಿನ್ನದೇ ಅಲ್ಲವಾ?"

"ಅಲ್ಲ ಸಾರ್. ಗಾಡಿಯಲ್ಲೇ ಇತ್ತು. ನಿಮ್ಮದು ಅಂತ ಹಾಕಿದೆ."

ಒಕಾಬೆ ಟ್ರಾಲಿಯ ಹಿಡಿ ಬಿಟ್ಟರು. "ನಾನು ಪಿಟೀಲು ಕೇಳುವವನು. ಈ ಡ್ರೈವರ್‌ಗೆ ನಮ್ಮ ದೇಶದ ಹಾಡೆಂದರೆ ಇಷ್ಟ, ಬೇಡ ಅಂದರೆ ನೊಂದುಕೊಂಡಾನು ಅಂತ ಸುಮ್ಮನಿದ್ದೆ. ನೀನು ಆ ಪ್ಲೇಯರ್ ಬೇರೆ ಹಾಕಿಸಿದೆ!"

ಅಂದರೆ ಅದು ಅವರಿಗಿಂತ ಮುಂಚೆ ಇದ್ದ ಯಾವನೋ ಮ್ಯಾನೇಜರ್ ಮರೆತು ಹೋದ ಒಂದು ಸಿಡಿ. ಒಕಾಬೆ ನಕ್ಕರು. ಹದಿನೆಂಟು ವರ್ಷದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕಿದ್ದನ್ನು ಬೋಜ ಕಂಡಿರಲಿಲ್ಲ. ಅವನಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಒಕಾಬೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಎರಡೂ ಕೈ ಮುಂದೆ ಚಾಚಿದರು.

"ಬೋಜ-ಸಾನ್, ಒಂದು ಸಿಡಿ ನಾನು ಇಟ್ಟುಕೊಳ್ಳಲೇ?"

ಬೋಜ ಛತ್ರಿಯದನ್ನು ತೆಗೆದು ಕೊಟ್ಟ. ಅವರು ಅದನ್ನು ಕೋಟಿನ ಒಳಜೇಬಿಗೆ ಸೇರಿಸಿ, ಬಾಗಿ ವಂದಿಸಿ, ತಿರುಗಿ ನೋಡದೆ ಒಳಗೆ ಹೋದರು.

ಶಿವಕುಮಾರ ಹಿಂದಿನ ಸೀಟಿಗೆ ಬಂದು ಕೂತ. ಕಾರು ಹೊರಟಿತು. ಬೋಜ ಕೆಂಪು ಟೋಪಿಯ ಸಿಡಿ ಹಾಕಿದ.

"ಅವ್ರು ಹೋದ್ರಲ್ಲಪಾ. ಇನ್ನ ಯಾರ ಸಲುವಾಗಿ ಹಚ್ಚೀದಿ ಇದನ್ನ?"

ಹಿಂದಿನ ಸೀಟಿಗೆ ಎದುರು ಮಾತಾಡಿ ಬೋಜನಿಗೆ ಅಭ್ಯಾಸವಿರಲಿಲ್ಲ. ಆದರೂ ಹೇಳಿದ: "ನನಗೋಸ್ಕರ ಸಾರ್. ಇದು ನನ್ನ ಹಾಡು."

"ಹೌದಾ? ಹಂಗಾದ್ರ ಇರ್ಲಿ ಬಿಡು. ನನಗೇನ್ ತ್ರಾಸಿಲ್ಲ," ಎಂದು ಶಿವಕುಮಾರ ಮುಖ ಕಿವುಚಿಕೊಂಡೇ ಕಿಟಕಿಯತ್ತ ತಿರುಗಿದ.

ಬೋಜ ಕನ್ನಡಿಯಲ್ಲಿ ಆ ಮುಖ ನೋಡಿದ. ಕೈ ಚಾಚಿ ಹಾಡಿನ ಸದ್ದು ತಗ್ಗಿಸಿದ.

"ಬೇಡದಿದ್ರೆ ಈಗ್ಲೇ ಹೇಳಿ ಸಾರ್. ಮತ್ತೆ ಹದಿನೆಂಟು ವರ್ಷ ಹೋಗಿಬಿಡ್ತದೆ."