ಎರಡು ಕೆಮ್ಮು

ಕೆಮ್ಮು ಕೇಳಿದ್ದೇ ತಡ, ದರ್ಜಿಯ ಕೈಯಲ್ಲಿದ್ದ ಚಹಾ ತೊಡೆಯ ಮೇಲೆ ಚೆಲ್ಲಿತು. ಎರಡೇ ಎರಡು ಸಲ, ಒಣ ಕೆಮ್ಮು, ನಡುವೆ ಒಂದು ಉಸಿರಿನಷ್ಟು ಬಿಡುವು. ತೊಡೆ ಸುಟ್ಟದ್ದೂ ಅವನಿಗೆ ಗೊತ್ತಾಗಲಿಲ್ಲ.

ಬಿಟ್ಟು ಬಂದ ದೇಶದ ಸೆರೆಮನೆಯಲ್ಲಿ ಹನ್ನೊಂದು ತಿಂಗಳು ಅವನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಹೊಡೆದವರ ಮುಖ ಅವನು ಕಂಡಿಲ್ಲ. ಗೊತ್ತಿದ್ದದ್ದು ಇಷ್ಟೇ: ಮೊದಲು ಈ ಕೆಮ್ಮು, ಆಮೇಲೆ ಬೂಟು, ಆಮೇಲೆ ಬೀಗ ತೆಗೆಯುವ ಸದ್ದು. ಈಗ ಅದೇ ಕೆಮ್ಮು ಇಲ್ಲಿ, ಅಂಥ ಸೆರೆಮನೆಗಳಿಂದ ಪಾರಾದವರು ಬುಧವಾರ ಮಧ್ಯಾಹ್ನ ದುಂಡಗೆ ಕೂತು ಮನಸ್ಸು ಹಗುರ ಮಾಡಿಕೊಳ್ಳುವ ಆಸ್ಪತ್ರೆಯ ಕೋಣೆಯಲ್ಲಿ. ಕೆಮ್ಮಿದವನು ಹೊಸದಾಗಿ ಸೇರಿದ ಮುದುಕ.

ಮುದುಕ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಬೇರೆಡೆ ಕೂರುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟುವ ಮೊದಲೇ, ಬಂದವರು ಎಷ್ಟು ಜನ ಎಂದು ಹೇಳಿಬಿಡುತ್ತಿದ್ದ. ಉಳಿದವರು ನಗುತ್ತಿದ್ದರು. ದರ್ಜಿಗೆ ಮೈ ಉರಿಯುತ್ತಿತ್ತು.

“ನೀವು ಅಲ್ಲಿ ಯಾವ ಕಡೆ ಇದ್ರಿ?” ಒಂದು ದಿನ ಕೇಳಿಯೇಬಿಟ್ಟ.

“ಬಾಗಿಲ ಹತ್ತಿರಾನೇ ಕಣಪ್ಪ. ಬರೋರು ಹೋಗೋರೆಲ್ಲ ನಂಗೆ ಗೊತ್ತಾಗ್ತಿತ್ತು. ನೀನು ಏಳನೇ ಕೋಣೆಯೋನಲ್ವಾ? ನಿನ್ನ ಕೂಗು ಇನ್ನೂ ಕಿವೀಲಿದೆ.”

ಕೋಣೆಯ ಸಂಖ್ಯೆಯನ್ನು ದರ್ಜಿ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಬಾಗಿಲ ಹತ್ತಿರ ಇರುವವನು ಕಾವಲಿನವನಲ್ಲದೆ ಇನ್ಯಾರು?

ಬುಧವಾರದ ಕೂಟ ನಡೆಸುವ ಡಾಕ್ಟರಮ್ಮ ದರ್ಜಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. “ಆ ಕೆಮ್ಮಿಗೆ ನಿಮಗೆ ಭಯ ಆಗೋದು ನಿಜ. ಆದ್ರೆ ಹೊಡೆದಿದ್ದು ಅವ್ರೇ ಅಂತ ಅದರಿಂದ ಗೊತ್ತಾಗಲ್ಲ. ನಾನಿರ್ತೀನಿ, ಎದುರು ಕೂರಿಸ್ಕೊಂಡು ಕೇಳೋಣ.”

ದರ್ಜಿ ತಲೆಯಾಡಿಸಿದ. ಹೊರಬಿದ್ದವನು ನೆಟ್ಟಗೆ ವಲಸೆ ಕಚೇರಿಗೆ ಹೋದ. ಈ ಮುದುಕ ಹಿಂಸೆ ಪಟ್ಟವನಲ್ಲ, ಕೊಟ್ಟವನು ಎಂದು ಬರೆದು ಸಹಿ ಹಾಕಿದ.

ಹೆಂಡತಿ ಹೌಹಾರಿದಳು. “ತಪ್ಪಾಗಿದ್ರೆ ಏನ್ರೀ ಗತಿ? ಅವ್ರನ್ನ ವಾಪಸ್ ಕಳಿಸ್ಬಿಟ್ರೆ ಅಲ್ಲಿ ಜೀವಸಹಿತ ಬಿಡ್ತಾರಾ?”

“ಹನ್ನೊಂದು ತಿಂಗಳು ಕೇಳಿದೀನಿ ಕಣೇ. ಈ ಕಿವಿ ತಪ್ಪಲ್ಲ.”

ಎಷ್ಟೋ ವರ್ಷಗಳ ಮೇಲೆ ಅಂದು ಅವನಿಗೆ ಗಡದ್ದಾಗಿ ನಿದ್ದೆ ಬಂತು.

ಮುಂದಿನ ಬುಧವಾರ ಡಾಕ್ಟರಮ್ಮ ಇನ್ನೂ ಬಂದಿರಲಿಲ್ಲ. ಮುದುಕ ಆಡುತ್ತಿದ್ದ ಮಾತು ನಿಲ್ಲಿಸಿ ಕಿವಿಗೊಟ್ಟ. ಮುಖ ಬಿಳಿಚಿಕೊಂಡಿತು. ಎರಡು ಸಲ ಕೆಮ್ಮಿದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ದರ್ಜಿಗೂ ಕೇಳಿತು. ಬಂದರು, ಕೊನೆಗೂ ಬಂದರು! ಅವನಿಗೆ ನಡುಕದ ಜೊತೆಗೇ ಖುಷಿಯೂ ಉಕ್ಕಿತು.

ಅಷ್ಟರಲ್ಲಿ ಮುದುಕ ದಡಬಡ ಎದ್ದು ಬಂದು, ಅವನ ತೋಳು ಹಿಡಿದು ಹಿಂಬಾಗಿಲ ಕಡೆ ತಳ್ಳಿದ.

“ಬೂಟಿನೋರು ಬಂದ್ರು, ಓಡು ಮಗಾ! ಅಲ್ಲಿ ಮೊದಲನೇ ಕೋಣೇಲಿ ನನ್ನನ್ನೂ ಕೂಡಿಹಾಕಿದ್ರು, ಕೆಮ್ಮಿ ನಿಮ್ಮನ್ನೆಲ್ಲ ಎಚ್ಚರಿಸೋದಷ್ಟೇ ನನ್ನ ಕೈಲಾಗ್ತಿತ್ತು. ಇಲ್ಲಿ ಬಾಗಿಲಿಗೆ ಅಡ್ಡ ನಿಲ್ಲಬಹುದು.”